ಮನೆ ಅಗ್ಗ, ಬದುಕು ದುಬಾರಿ: ಮೆಕ್‌ಡೊವೆಲ್ ಕೌಂಟಿಯ ಲೆಕ್ಕ

ವೆಸ್ಟ್ ವರ್ಜೀನಿಯಾ ರಾಜ್ಯದ ದಕ್ಷಿಣದ ತುತ್ತತುದಿಯಲ್ಲಿ ಮೆಕ್‌ಡೊವೆಲ್ ಅಂತ ಒಂದು ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಇದೆ. ವಿಸ್ತಾರ ಸುಮಾರು 535 ಚದರ ಮೈಲಿ. ಕಡಿದಾದ ಬೆಟ್ಟಗಳು, ಅವುಗಳ ಸಂದಿಯಲ್ಲಿ ಹೊಳೆ, ಹೊಳೆಯ ಪಕ್ಕ ರೈಲು ಹಳಿ, ಹಳಿಯ ಪಕ್ಕ ರಸ್ತೆ, ಉಳಿದ ಚೂರು ಜಾಗದಲ್ಲಿ ಮನೆಗಳು. ಅಲ್ಲಿ ಮಾರಾಟಕ್ಕಿರುವ ಮನೆಗಳ ಬೆಲೆ ನೋಡಿದರೆ ಅಮೆರಿಕದ ಯಾವುದೇ ದೊಡ್ಡ ಊರಿನವರ ಕಣ್ಣು ಅರಳುತ್ತದೆ. ಜನಗಣತಿ ಇಲಾಖೆಯ 2018–22ರ ಸಮೀಕ್ಷೆಯಲ್ಲಿ ಇಡೀ ದೇಶದ ಮನೆಗಳ ಮಧ್ಯಮ ಬೆಲೆ (ಅರ್ಧ ಮನೆಗಳು ಇದಕ್ಕಿಂತ ದುಬಾರಿ, ಅರ್ಧ ಅಗ್ಗ) 2 ಲಕ್ಷ 80 ಸಾವಿರ ಡಾಲರ್ ದಾಟಿತ್ತು. ಮೆಕ್‌ಡೊವೆಲ್‌ನಲ್ಲಿ ಅದು 50 ಸಾವಿರ ಡಾಲರ್‌ಗಿಂತ ಕಡಿಮೆ. ಹೊಸ ಪಿಕಪ್ ಟ್ರಕ್ ಕೊಳ್ಳುವ ದುಡ್ಡಿಗೆ ಅಲ್ಲಿ ಮನೆಯೇ ಸಿಗುತ್ತದೆ.

ಇಡೀ ರಾಜ್ಯವೇ ಸ್ವಲ್ಪ ಅಗ್ಗ. ಬೇರೆ ಬೇರೆ ರಾಜ್ಯಗಳ ಬೆಲೆಗಳನ್ನು ಹೋಲಿಸುವ ಕೇಂದ್ರ ಸರ್ಕಾರದ ಸೂಚ್ಯಂಕದಲ್ಲಿ ದೇಶದ ಸರಾಸರಿ 100 ಅಂದರೆ ವೆಸ್ಟ್ ವರ್ಜೀನಿಯಾ ಸುಮಾರು 90. ಹಾಗಾಗಿ ‘ಕಡಿಮೆ ಖರ್ಚಿನಲ್ಲಿ ಬದುಕಬಹುದಾದ ಕೌಂಟಿಗಳು’ ಅಂತ ಯಾರಾದರೂ ಪಟ್ಟಿ ಮಾಡಿದರೆ ಮೆಕ್‌ಡೊವೆಲ್ ಅದರಲ್ಲಿ ಸುಲಭವಾಗಿ ಬಂದು ಕೂರುತ್ತದೆ. ಆದರೂ ಜನ ಬರುತ್ತಿಲ್ಲ. ಇರುವವರೂ ಹೋಗುತ್ತಿದ್ದಾರೆ. 1950ರಲ್ಲಿ ಇಲ್ಲಿ 98,887 ಜನ ಇದ್ದರು. 2020ರ ಜನಗಣತಿಯಲ್ಲಿ ಉಳಿದವರು 19,111. ಐದರಲ್ಲಿ ನಾಲ್ಕು ಪಾಲು ಜನ ಖಾಲಿ.

ಇಷ್ಟು ಅಗ್ಗದ ಊರನ್ನು ಇಷ್ಟು ಜನ ಯಾಕೆ ಬಿಟ್ಟರು? ಈ ಪ್ರಕರಣದಲ್ಲಿ ಕೇಳಬೇಕಾದ ಪ್ರಶ್ನೆ ಇದೇ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಜೀವನ ವೆಚ್ಚದ ಪಟ್ಟಿಗಳು ಅಂಗಡಿಯಲ್ಲಿ ಸಿಗುವ ವಸ್ತುಗಳ ಬೆಲೆಯನ್ನು ಅಳೆಯುತ್ತವೆ. ಆದರೆ ಅಂಗಡಿಯೇ ಇಲ್ಲದಿದ್ದರೆ, ನಲ್ಲಿಯಲ್ಲಿ ಕುಡಿಯುವ ನೀರು ಬರದಿದ್ದರೆ, ಕೆಲಸ ಒಂದು ಗಂಟೆ ದೂರದಲ್ಲಿದ್ದರೆ, ಆ ಖರ್ಚು ಪಟ್ಟಿಯಲ್ಲಿ ಕಾಣುವುದಿಲ್ಲ. ಅದನ್ನು ಅಲ್ಲಿನ ಮನೆಯವರು ತಮ್ಮ ಜೇಬಿನಿಂದ, ತಮ್ಮ ಮೈಯಿಂದ ಕಟ್ಟುತ್ತಾರೆ.

ಒಂದು ಕಾಲದ ವೆಲ್ಚ್

ಕೌಂಟಿಯ ಮುಖ್ಯ ಪಟ್ಟಣ ವೆಲ್ಚ್. ಇಲ್ಲಿ 1941ರಲ್ಲಿ ನಗರಸಭೆಯೇ ಕಾರು ನಿಲ್ಲಿಸುವ ಬಹುಮಹಡಿ ಕಟ್ಟಡ ಕಟ್ಟಿಸಿತು. ನಗರಸಭೆಯ ಒಡೆತನದ ಅಂಥ ಕಟ್ಟಡ ದೇಶದಲ್ಲೇ ಮೊದಲು ಅಂತ ಊರಿನವರು ಹೇಳುತ್ತಾರೆ. ಅಷ್ಟು ಜನಜಂಗುಳಿ ಇದ್ದ ಊರು ಅದು. ಕಾರಣ ಕಲ್ಲಿದ್ದಲು. ಪೊಕಹಾಂಟಸ್ ಪದರದ ಇಲ್ಲಿನ ಕಲ್ಲಿದ್ದಲು ಉಕ್ಕು ತಯಾರಿಕೆಗೆ ಬಹಳ ಒಳ್ಳೆಯದು. ಅದನ್ನು ತೆಗೆಯಲು ಅಲಬಾಮಾ, ವರ್ಜೀನಿಯಾ ಕಡೆಯ ಕಪ್ಪು ಜನ, ಇಟಲಿ, ಹಂಗೇರಿ, ಪೋಲೆಂಡ್‌ನಿಂದ ಬಂದವರು, ಸುತ್ತಲಿನ ಬೆಟ್ಟದ ರೈತರು ಎಲ್ಲ ಸೇರಿಕೊಂಡರು. ಕಿಂಬಲ್ ಎಂಬ ಸಣ್ಣ ಊರಿನಲ್ಲಿ ಮೊದಲ ಮಹಾಯುದ್ಧದ ಕಪ್ಪು ಸೈನಿಕರಿಗಾಗಿ 1928ರಲ್ಲಿ ಕಟ್ಟಿದ ಸ್ಮಾರಕ ಭವನ ಇನ್ನೂ ನಿಂತಿದೆ.

ಮನೆ ಕಟ್ಟಿದ್ದು ಕಂಪನಿ. ನೀರಿನ ಪೈಪು ಹಾಕಿದ್ದು ಕಂಪನಿ. ಅಂಗಡಿ, ವೈದ್ಯರು ಎಲ್ಲ ಕಂಪನಿಯದೇ. ಇದನ್ನು ನೆನಪಿಟ್ಟುಕೊಳ್ಳಿ. ಇವತ್ತಿನ ಅರ್ಧ ಕಷ್ಟ ಇಲ್ಲಿಂದಲೇ ಶುರುವಾಗುತ್ತದೆ.

ಎರಡನೇ ಮಹಾಯುದ್ಧದ ನಂತರ ಗಣಿಗಳಿಗೆ ಯಂತ್ರಗಳು ಬಂದವು. ಹತ್ತು ಜನರ ಕೆಲಸ ಒಂದಿಬ್ಬರಿಗೆ ಸಾಕಾಯಿತು. 1960ರ ಹೊತ್ತಿಗೆ ಜನಸಂಖ್ಯೆ 71 ಸಾವಿರಕ್ಕೆ ಇಳಿಯಿತು. ಆ ವರ್ಷ ಇಲ್ಲಿ ಚುನಾವಣಾ ಪ್ರಚಾರಕ್ಕೆ ಬಂದ ಜಾನ್ ಕೆನಡಿ ಹಸಿವನ್ನು ಕಣ್ಣಾರೆ ಕಂಡರು. ಅಧ್ಯಕ್ಷರಾದ ಮೇಲೆ ಅವರು ಪ್ರಯೋಗವಾಗಿ ಶುರು ಮಾಡಿದ ಫುಡ್ ಸ್ಟ್ಯಾಂಪ್ (ಬಡವರಿಗೆ ದಿನಸಿ ಕೊಳ್ಳಲು ಸರ್ಕಾರದ ಚೀಟಿ) ಯೋಜನೆಯ ಮೊದಲ ಸ್ಟ್ಯಾಂಪ್‌ಗಳನ್ನು 1961ರ ಮೇ 29ರಂದು ಬಳಸಿದ್ದು ವೆಲ್ಚ್‌ನ ಒಂದು ಕಿರಾಣಿ ಅಂಗಡಿಯಲ್ಲಿ. ಕೊಂಡದ್ದು ಮೆಕ್‌ಡೊವೆಲ್‌ನದೇ ಒಂದು ದೊಡ್ಡ ಕುಟುಂಬ, ಹದಿನೈದು ಜನರ ಮನೆ. ಇವತ್ತು ಇಡೀ ಅಮೆರಿಕದಲ್ಲಿ ಕೋಟಿಗಟ್ಟಲೆ ಜನ ನಂಬಿಕೊಂಡಿರುವ ಆಹಾರ ನೆರವು ಹುಟ್ಟಿದ್ದು ಹೀಗೆ.

ಆಮೇಲಿನ ದೊಡ್ಡ ಹೊಡೆತ 1986ರಲ್ಲಿ. ಗ್ಯಾರಿ ಪಟ್ಟಣದ ಯು.ಎಸ್. ಸ್ಟೀಲ್ ಗಣಿಗಳು ಮುಚ್ಚಿದವು. ಒಂದೇ ಸಲ 1,200ಕ್ಕೂ ಜಾಸ್ತಿ ಕೆಲಸ ಹೋಯಿತು. ಮನೆಗಳ ಬೆಲೆ ಕುಸಿದದ್ದು ಆವಾಗಲೇ. ಇವತ್ತು ‘ಅಗ್ಗ’ ಅಂತ ಕಾಣುವ ಬೆಲೆ ನಿಜಕ್ಕೂ ಆ ಕುಸಿತದ ಗುರುತು. ಕೊಳ್ಳುವವರೇ ಇಲ್ಲದ ಕಡೆ ಬೆಲೆ ಎಲ್ಲಿಂದ ಏರಬೇಕು?

ಅಗ್ಗದ ಭಾಗ

ನ್ಯಾಯವಾಗಿ ಹೇಳಬೇಕಾದ್ದನ್ನು ಮೊದಲು ಹೇಳೋಣ. ಇಲ್ಲಿ ಕೆಲವು ಖರ್ಚು ನಿಜಕ್ಕೂ ಕಡಿಮೆ. ಹೆಚ್ಚಿನವರು ಸ್ವಂತ ಮನೆಯಲ್ಲೇ ಇದ್ದಾರೆ. ನ್ಯೂಯಾರ್ಕ್ ಅಥವಾ ಬೇ ಏರಿಯಾದವರಿಗೆ ಕನಸಿನ ಮಾತು ಇದು.

ಆಸ್ತಿ ತೆರಿಗೆಯ ಲೆಕ್ಕ ಹೀಗಿದೆ. ಈ ರಾಜ್ಯದಲ್ಲಿ ಮನೆಯ ಮಾರುಕಟ್ಟೆ ಬೆಲೆಯ 60 ಶೇಕಡಾವನ್ನು ಮಾತ್ರ ತೆರಿಗೆಗೆ ಹಿಡಿಯುತ್ತಾರೆ. ತಾವೇ ವಾಸವಿರುವ ಮನೆಗೆ ಪ್ರತಿ 100 ಡಾಲರ್‌ಗೆ 1 ಡಾಲರ್ ಅಂತ ರಾಜ್ಯದ ಸಂವಿಧಾನವೇ ಮಿತಿ ಹಾಕಿದೆ. ಜನ ಮತ ಹಾಕಿ ಒಪ್ಪಿದ ಹೆಚ್ಚುವರಿ ಕರ ಅದರ ಮೇಲೆ ಬರುತ್ತದೆ. 40 ಸಾವಿರದ ಮನೆಯಾದರೆ 24 ಸಾವಿರದ ಮೇಲೆ ತೆರಿಗೆ, ಅಂದರೆ ವರ್ಷಕ್ಕೆ 240 ಡಾಲರ್, ಜೊತೆಗೆ ಒಂದಿಷ್ಟು ಹೆಚ್ಚುವರಿ. 65 ದಾಟಿದವರಿಗೆ ಮತ್ತು ಶಾಶ್ವತ ಅಂಗವೈಕಲ್ಯ ಇರುವವರಿಗೆ ತೆರಿಗೆಯ ಬೆಲೆಯಲ್ಲಿ ಮೊದಲ 20 ಸಾವಿರ ಮಾಫಿ. ಹಾಗಾಗಿ 33 ಸಾವಿರದ ಮನೆಯಲ್ಲಿರುವ ಅಜ್ಜ ಅಜ್ಜಿ ಒಂದು ಪೈಸೆ ಆಸ್ತಿ ತೆರಿಗೆ ಕಟ್ಟಬೇಕಿಲ್ಲ. ಅಂಗಡಿಯಿಂದ ತರುವ ದಿನಸಿ ಮೇಲೆ ರಾಜ್ಯದ ಮಾರಾಟ ತೆರಿಗೆಯೂ 2013ರ ಜುಲೈಯಿಂದ ಇಲ್ಲ.

ನಿವೃತ್ತಿ ಪಿಂಚಣಿ ಬರುವ, ಮನೆ ಸಾಲ ತೀರಿದ, ಸುತ್ತಮುತ್ತ ನೆಂಟರಿರುವ ಹಿರಿಯ ದಂಪತಿಗೆ ಇದು ನಿಜವಾದ ಉಳಿತಾಯ. ಅದನ್ನು ತಳ್ಳಿಹಾಕುವುದು ಸರಿಯಲ್ಲ.

ರಸ್ತೆಯ ಲೆಕ್ಕ

ಈಗ ಸಣ್ಣ ಮಕ್ಕಳಿರುವ ಒಂದು ಸಂಸಾರವನ್ನು ಊಹಿಸಿಕೊಳ್ಳೋಣ. 40 ಸಾವಿರ ಡಾಲರ್ ಕೊಟ್ಟು ವೆಲ್ಚ್ ಹತ್ತಿರ ಮನೆ ಕೊಂಡರು. ಕೌಂಟಿಯೊಳಗೆ ಕೆಲಸ ಕೊಡುವವರು ಕೆಲವೇ: ಶಾಲೆಗಳು, ಆಸ್ಪತ್ರೆ, ಸರ್ಕಾರಿ ಕಚೇರಿಗಳು, ಉಳಿದಿರುವ ಗಣಿಗಳು, 2010ರಲ್ಲಿ ತೆರೆದ ಕೇಂದ್ರ ಸರ್ಕಾರದ ಜೈಲು. ಅಲ್ಲಿ ಕೆಲಸ ಸಿಗದಿದ್ದರೆ ಪಕ್ಕದ ಕೌಂಟಿಯ ಬ್ಲೂಫೀಲ್ಡ್ ಪಟ್ಟಣದ ಕಡೆಗೆ ಹೋಗಬೇಕು. ಹೋಗಿ ಬರಲು 60 ಮೈಲಿ ಅಂತ ಇಟ್ಟುಕೊಳ್ಳಿ. ರಸ್ತೆ ನಂಬರ್ 52 ಹೊಳೆ ತಿರುಗಿದಲ್ಲೆಲ್ಲ ತಿರುಗುತ್ತದೆ, ಮುಂದೆ ಕಲ್ಲಿದ್ದಲಿನ ಲಾರಿ ಸಿಕ್ಕರೆ ಅದರ ಹಿಂದೆಯೇ ಸಾಗಬೇಕು. ಒಂದು ಕಡೆಗೆ ಒಂದು ಗಂಟೆ ಹತ್ತಿರ ಹಿಡಿಯುತ್ತದೆ. ಕೌಂಟಿಯಲ್ಲಿ ಇಂಟರ್‌ಸ್ಟೇಟ್ ಹೆದ್ದಾರಿ ಇಲ್ಲ. ಕೋಲ್‌ಫೀಲ್ಡ್ಸ್ ಎಕ್ಸ್‌ಪ್ರೆಸ್‌ವೇ, ಕಿಂಗ್ ಕೋಲ್ ಹೈವೇ ಅಂತ ಎರಡು ದೊಡ್ಡ ರಸ್ತೆಗಳ ಯೋಜನೆ ದಶಕಗಳಿಂದ ತುಂಡು ತುಂಡಾಗಿ ನಡೆಯುತ್ತಲೇ ಇದೆ.

ಅಮೆರಿಕದ ತೆರಿಗೆ ಇಲಾಖೆ 2025ಕ್ಕೆ ವ್ಯವಹಾರಕ್ಕಾಗಿ ಗಾಡಿ ಓಡಿಸುವ ವೆಚ್ಚವನ್ನು ಮೈಲಿಗೆ 70 ಸೆಂಟ್ ಅಂತ ನಿಗದಿ ಮಾಡಿತು. ನಮ್ಮ ಲೆಕ್ಕಕ್ಕೂ ಅದನ್ನೇ ಹಿಡಿಯೋಣ. ಪೆಟ್ರೋಲು, ಟೈರು, ರಿಪೇರಿ, ವಿಮೆ, ಗಾಡಿ ಸವೆತ ಎಲ್ಲ ಅದರಲ್ಲಿ ಸೇರಿದೆ. ದಿನಕ್ಕೆ 60 ಮೈಲಿ, ವರ್ಷಕ್ಕೆ 240 ದಿನ. ಒಟ್ಟು 14,400 ಮೈಲಿ, 10,080 ಡಾಲರ್. ನಾಲ್ಕು ವರ್ಷ ಹೀಗೆ ಓಡಾಡಿದರೆ ಒಂದು ಮನೆಯ ಬೆಲೆ ರಸ್ತೆಯ ಪಾಲು. ಗಂಡ ಹೆಂಡತಿ ಇಬ್ಬರೂ ಬೇರೆ ಬೇರೆ ಕಡೆ ದುಡಿದರೆ ಎರಡು ಕಾರು ಬೇಕು.

ಇದನ್ನು ಸಂಪಾದನೆಯ ಪಕ್ಕ ಇಟ್ಟು ನೋಡಿ. ದೇಶದಲ್ಲಿ ಒಂದು ಮನೆಯ ಮಧ್ಯಮ ವಾರ್ಷಿಕ ಆದಾಯ ಜನಗಣತಿ ಇಲಾಖೆಯ ಅದೇ 2018–22ರ ಸಮೀಕ್ಷೆಯಲ್ಲಿ 75 ಸಾವಿರ ಡಾಲರ್. ಮೆಕ್‌ಡೊವೆಲ್‌ನಲ್ಲಿ 30 ಸಾವಿರದ ಆಸುಪಾಸು. ಮೂರು ಜನರಲ್ಲಿ ಒಬ್ಬರು ಬಡತನದ ರೇಖೆಯ ಕೆಳಗಿದ್ದಾರೆ. ಮನೆಯಲ್ಲಿ ಉಳಿಸಿದ ದುಡ್ಡು ಕಾರಿನ ಹೊಗೆಯಲ್ಲಿ ಹೋಯಿತು ಅಂದರೆ ಉಳಿತಾಯ ಎಲ್ಲಿ ಬಂತು?

ಅಂಗಡಿಯ ಕತೆಯೂ ಇದೇ ದಾರಿಯಲ್ಲಿದೆ. 2005ರಲ್ಲಿ ಕಿಂಬಲ್‌ನಲ್ಲಿ ವಾಲ್‌ಮಾರ್ಟ್ ತೆರೆಯಿತು. ಜನಕ್ಕೆ ಅದು ಬರೀ ದಿನಸಿ ಅಂಗಡಿ ಆಗಿರಲಿಲ್ಲ. ಔಷಧಿ ಅಲ್ಲೇ, ಚಪ್ಪಲಿ ಅಲ್ಲೇ, ಪರಿಚಯದವರು ಸಿಗುವುದೂ ಅಲ್ಲೇ. 2016ರ ಜನವರಿಯಲ್ಲಿ ಕಂಪನಿ ಪ್ರಪಂಚದಾದ್ಯಂತ 269 ಅಂಗಡಿ ಮುಚ್ಚಿದಾಗ ಕಿಂಬಲ್‌ನದೂ ಹೋಯಿತು. ಸುಮಾರು 140 ಜನರ ಕೆಲಸ ಹೋಯಿತು. ಅಲ್ಲಿಂದ ಉಚಿತ ಆಹಾರ ಕೇಂದ್ರಕ್ಕೆ ಹೋಗುತ್ತಿದ್ದ ಮಿಕ್ಕ ಸಾಮಾನೂ ನಿಂತುಹೋಯಿತು. ಈಗ ವೆಲ್ಚ್‌ನಲ್ಲಿ ಒಂದು ಸ್ಥಳೀಯ ಸೂಪರ್‌ಮಾರ್ಕೆಟ್ ಇದೆ, ಅಲ್ಲಲ್ಲಿ ಅಗ್ಗದ ಸಾಮಾನು ಮಾರುವ ಡಾಲರ್ ಅಂಗಡಿಗಳಿವೆ. ತಾಜಾ ತರಕಾರಿ ಬೇಕೆಂದರೆ ಎಷ್ಟೋ ಹಳ್ಳಿಗಳವರು ಬೆಟ್ಟ ದಾಟಬೇಕು. ವಾರಕ್ಕೊಮ್ಮೆ ಬ್ಲೂಫೀಲ್ಡ್‌ಗೆ ಹೋಗಿ ಬಂದರೂ ಮೇಲಿನ ದರದಲ್ಲಿ 42 ಡಾಲರ್, ವರ್ಷಕ್ಕೆ 2,184 ಡಾಲರ್. ಕಾರೇ ಇಲ್ಲದವರು ನೆರೆಯವರಿಗೆ ಪೆಟ್ರೋಲಿನ ದುಡ್ಡು ಕೊಟ್ಟು ಹೋಗುತ್ತಾರೆ.

ನೀರು

ನನ್ನ ಮಟ್ಟಿಗೆ ಈ ಪ್ರಕರಣದ ಹೃದಯ ಇರುವುದು ಇಲ್ಲಿ.

ಗಣಿ ಕಂಪನಿಗಳು ಹಾಕಿದ ನೀರಿನ ಪೈಪುಗಳು ಎಷ್ಟೋ ಊರುಗಳಲ್ಲಿ ನೂರು ವರ್ಷದ ಹತ್ತಿರ ಹಳೆಯವು. ಕಂಪನಿ ಹೋದ ಮೇಲೆ ಅವುಗಳನ್ನು ನೋಡಿಕೊಳ್ಳುವವರು ಯಾರು? ಕೆಲವು ಕಡೆ ಪುಟ್ಟ ಪಟ್ಟಣ ಸಭೆಗಳ ತಲೆಗೆ ಬಂತು, ಕೆಲವು ಕಡೆ ಊರಿನ ಒಬ್ಬಿಬ್ಬರು ಸುಮ್ನೆ ಕೈಲಾದ್ದು ಮಾಡಿಕೊಂಡು ಬಂದರು. ಕೀಸ್ಟೋನ್ ಎಂಬ ಊರಿನಲ್ಲಿ ಸುಮಾರು ಹತ್ತು ವರ್ಷ ‘ನೀರು ಕುದಿಸಿಯೇ ಕುಡಿಯಿರಿ’ ಎಂಬ ಸೂಚನೆ ಜಾರಿಯಲ್ಲಿತ್ತು. ಅಂದರೆ ಒಂದನೇ ಕ್ಲಾಸಿನ ಮಗು ಹೈಸ್ಕೂಲು ಸೇರುವ ತನಕ ನಲ್ಲಿಗೆ ನೇರವಾಗಿ ಬಾಯಿಟ್ಟು ನೀರು ಕುಡಿದಿಲ್ಲ. ಬೇರೆ ಊರುಗಳಲ್ಲಿ ನಲ್ಲಿಯಿಂದ ಕಂದು ಬಣ್ಣದ, ಕಬ್ಬಿಣದ ವಾಸನೆಯ ನೀರು ಬರುತ್ತದೆ. ಬಿಳಿ ಬಟ್ಟೆ ಕೆಂಚಾಗುತ್ತದೆ, ಹೀಟರ್ ಬೇಗ ಕೆಡುತ್ತದೆ. ಜನ ರಸ್ತೆ ಬದಿಯ ಬಂಡೆಯಿಂದಲೋ ಹಳೆಯ ಗಣಿಯಿಂದಲೋ ಬರುವ ಪೈಪಿನ ಕೆಳಗೆ ಕ್ಯಾನ್ ಇಟ್ಟು ತುಂಬಿಸಿಕೊಳ್ಳುತ್ತಾರೆ. ಜಗತ್ತಿನ ಅತಿ ಶ್ರೀಮಂತ ದೇಶದಲ್ಲಿ, ಈ ಶತಮಾನದಲ್ಲಿ.

ಬಾಟಲಿ ನೀರು ಕೊಂಡರೆ ಏನಾಗುತ್ತದೆ? ಒಬ್ಬರಿಗೆ ಕುಡಿಯಲು, ಅಡುಗೆಗೆ ದಿನಕ್ಕೆ ಒಂದು ಗ್ಯಾಲನ್ (ನಾಲ್ಕು ಲೀಟರ್ ಹತ್ತಿರ) ಸಾಕು ಅನ್ನೋಣ. ನಾಲ್ಕು ಜನರ ಮನೆಗೆ ನಾಲ್ಕು. ಗ್ಯಾಲನ್‌ಗೆ ಒಂದೂಕಾಲು ಡಾಲರ್ ಅಂತ ಹಿಡಿದರೆ ತಿಂಗಳಿಗೆ 150 ಡಾಲರ್, ವರ್ಷಕ್ಕೆ 1,800. ನೀರಿನ ಬಿಲ್ಲು ಬೇರೆ ಬರುತ್ತಲೇ ಇರುತ್ತದೆ. ಆ ಮನೆಯ ಆಸ್ತಿ ತೆರಿಗೆಯ ಹಲವು ಪಟ್ಟು ದುಡ್ಡು ಬರೀ ಕುಡಿಯುವ ನೀರಿಗೆ.

ಇದು ಯಾರದೋ ಸೋಮಾರಿತನದಿಂದ ಆದದ್ದಲ್ಲ. ಲಕ್ಷದ ಹತ್ತಿರ ಜನರಿಗಾಗಿ ಹಾಕಿದ ಪೈಪಿನ ಉದ್ದ ಜನ ಹೋದಂತೆ ಕಡಿಮೆ ಆಗುವುದಿಲ್ಲ. ಅದೇ ಪೈಪು, ಅದೇ ಪಂಪು, ಅದೇ ಬೆಟ್ಟ. ಬಿಲ್ಲು ಹಂಚಿಕೊಳ್ಳುವವರು ಮಾತ್ರ ಐದರಲ್ಲಿ ಒಂದು ಪಾಲು. ದರ ಏರಿಸಿದರೆ ಬಡವರಿಗೆ ಕಟ್ಟಲಾಗದು, ಏರಿಸದಿದ್ದರೆ ರಿಪೇರಿಗೆ ದುಡ್ಡಿಲ್ಲ. ಒಳಚರಂಡಿಯದೂ ಇದೇ ಪಾಡು. ಹಲವು ಮನೆಗಳ ಕೊಳೆ ನೀರು ನೇರ ಪೈಪಿನಲ್ಲಿ ಹೊಳೆಗೆ ಹೋಗುತ್ತದೆ. (ಅಷ್ಟಾದರೂ ಎಲ್ಕ್‌ಹಾರ್ನ್ ಹೊಳೆಯಲ್ಲಿ ಟ್ರೌಟ್ ಮೀನು ತಾನಾಗಿ ಬೆಳೆಯುತ್ತಿದೆ, ಗಾಳ ಹಾಕುವವರು ದೂರದಿಂದ ಬರುತ್ತಾರೆ. ಆ ಬೆಟ್ಟಗಳ ತಂಪು ನೀರಿಗೆ ಇನ್ನೂ ಅಷ್ಟು ಶಕ್ತಿ ಇದೆ.)

ಕೌಂಟಿಯ ನೀರು ಸರಬರಾಜು ಸಂಸ್ಥೆ ಈ ಪುಟ್ಟ ವ್ಯವಸ್ಥೆಗಳನ್ನು ಒಂದೊಂದಾಗಿ ವಹಿಸಿಕೊಂಡು ಹೊಸ ಪೈಪು ಹಾಕುತ್ತಾ ಬಂದಿದೆ. ಅಮೆರಿಕದ ಮೂಲನಿವಾಸಿಗಳಾದ ನವಾಹೋ ಜನರ ನಾಡಿನಲ್ಲಿ ನೀರಿನ ಕೆಲಸ ಮಾಡಿ ಹೆಸರಾದ ಡಿಗ್‌ಡೀಪ್ ಎಂಬ ಸಂಸ್ಥೆಯೂ ಕೈಜೋಡಿಸಿದೆ. ಕೀಸ್ಟೋನ್‌ನ ಕಷ್ಟ ಕೊನೆಗೂ ನೀಗಿದ್ದು ಇಂಥ ಕೆಲಸದಿಂದ.

ಪ್ರವಾಹ ಮತ್ತು ಆಯಸ್ಸು

ಸಮತಟ್ಟು ಜಾಗ ಇರುವುದು ಹೊಳೆ ಪಕ್ಕದಲ್ಲಿ ಮಾತ್ರ. ಹಾಗಾಗಿ ಮನೆಗಳೂ ಅಲ್ಲೇ. 2001ರ ಜುಲೈಯಲ್ಲಿ ದೊಡ್ಡ ಪ್ರವಾಹ ಬಂತು, ಕೆಸರು ಬಳಿದು ಮುಗಿಸುವ ಮೊದಲೇ 2002ರ ಮೇಯಲ್ಲಿ ಇನ್ನೊಂದು. 2025ರ ಫೆಬ್ರುವರಿ 15ರ ಪ್ರವಾಹದಲ್ಲಿ ಈ ಕೌಂಟಿಯಲ್ಲೇ ಮೂವರು ಸತ್ತರು. ಅಮೆರಿಕದ ಸಾಮಾನ್ಯ ಮನೆ ವಿಮೆ ಪ್ರವಾಹಕ್ಕೆ ಅನ್ವಯಿಸುವುದಿಲ್ಲ, ಅದಕ್ಕೆ ಬೇರೆ ಪಾಲಿಸಿ ಬೇಕು. 40 ಸಾವಿರದ ಮನೆಗೆ ಪ್ರತಿ ವರ್ಷ ಆ ವಿಮೆ ಕಟ್ಟುವವರು ಕಡಿಮೆ. ಕೇಂದ್ರದ ವಿಪತ್ತು ನೆರವಿನಲ್ಲಿ ಮನೆಗೆ ಸಿಗಬಹುದಾದ ಗರಿಷ್ಠ ಮೊತ್ತ ಆ ಸಾಲಿಗೆ 43,600 ಡಾಲರ್. ಹೆಚ್ಚೂಕಡಿಮೆ ಇಲ್ಲಿನ ಒಂದು ಮನೆಯ ಬೆಲೆ. ಆದರೆ ಆ ಬೆಲೆಗೆ ಹೊಸ ಮನೆ ಕಟ್ಟಲು ಆಗುವುದಿಲ್ಲ. ಮರದ ಹಲಗೆಗೂ ಸಿಮೆಂಟಿಗೂ ಬಡ ಕೌಂಟಿಯ ದರ ಅಂತ ಬೇರೆ ಇಲ್ಲವಲ್ಲ.

ಆರೋಗ್ಯದ ಲೆಕ್ಕವೇ ಎಲ್ಲಕ್ಕಿಂತ ಕಠೋರ. 2010ರ ಸುಮಾರಿನ ಅಂಕಿಗಳಂತೆ ಮೆಕ್‌ಡೊವೆಲ್ ಗಂಡಸರ ಸರಾಸರಿ ಆಯಸ್ಸು 64 ವರ್ಷ, ಹೆಂಗಸರದು 73. ಸುಮಾರು 350 ಮೈಲಿ ಆಚೆ, ವಾಷಿಂಗ್ಟನ್ ಪಕ್ಕದ ಫೇರ್‌ಫ್ಯಾಕ್ಸ್ ಕೌಂಟಿಯಲ್ಲಿ ಗಂಡಸರದು 82, ಹೆಂಗಸರದು 85. ಫೇರ್‌ಫ್ಯಾಕ್ಸ್‌ನಲ್ಲಿ ಕನ್ನಡದ ಮನೆಗಳು ಎಷ್ಟೋ ಇವೆ. ಅಲ್ಲಿನ ಮನೆ ಬೆಲೆ ಕೇಳಿ ನಿಟ್ಟುಸಿರು ಬಿಡುವವರು ಈ ಅಂಕಿಯನ್ನೂ ಪಕ್ಕದಲ್ಲಿ ಇಟ್ಟುಕೊಂಡು ನೋಡಬೇಕು. ಗಂಡಸರಲ್ಲಿ ಹದಿನೆಂಟು ವರ್ಷದ ಅಂತರ. ಅದರ ಹಿಂದೆ ಗಣಿಯ ದೂಳಿನಿಂದ ಬರುವ ‘ಕಪ್ಪು ಶ್ವಾಸಕೋಶ’ದ ಕಾಯಿಲೆ ಇದೆ, ಗಣಿಗಾಯಕ್ಕೆ ಕೊಟ್ಟ ನೋವಿನ ಮಾತ್ರೆಗಳಿಂದ ಶುರುವಾದ ಚಟ ಇದೆ, ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆ ಇವೆ. ಇಂಥ ಊರುಗಳಿಗೆ ವೈದ್ಯರು ಸಿಗುವುದೇ ಕಷ್ಟ. ಓದಿಗೆ ಬಂದ ಹೊರದೇಶದ ವೈದ್ಯರು ಮೂರು ವರ್ಷ ಹಿಂದುಳಿದ ಜಾಗದಲ್ಲಿ ಕೆಲಸ ಮಾಡಿದರೆ ವೀಸಾ ಸಡಿಲಿಕೆ ಕೊಡುವ ಯೋಜನೆ ಇದೆ, ರಾಜ್ಯಕ್ಕೆ ವರ್ಷಕ್ಕೆ 30 ಜನ. ಮೆಕ್‌ಡೊವೆಲ್ ಇರುವ ಅಪಲೇಶಿಯ ಬೆಟ್ಟಸಾಲಿನ ಗಣಿ ಪ್ರದೇಶದಲ್ಲಿ ಭಾರತದಿಂದ ಬಂದ ವೈದ್ಯರು ಇಷ್ಟೊಂದು ಕಾಣಲು ಇದೂ ಒಂದು ಕಾರಣ.

ಅಗ್ಗದ ಮನೆ, ಆದರೆ ಮನೆ ಇಲ್ಲ

ಇನ್ನೊಂದು ವಿಚಿತ್ರ ಸಂಗತಿ ಇದೆ. ಇಷ್ಟು ಖಾಲಿ ಮನೆಗಳಿರುವ ಕೌಂಟಿಯಲ್ಲಿ ಶಾಲೆಗೆ ಬಂದ ಹೊಸ ಮೇಷ್ಟ್ರಿಗೆ ಬಾಡಿಗೆಗೆ ಒಂದು ಒಳ್ಳೆಯ ಮನೆ ಸಿಗುವುದಿಲ್ಲ. ಖಾಲಿ ಮನೆಗಳಲ್ಲಿ ಹಲವು ಸೋರುತ್ತವೆ, ಬೀಳುವ ಸ್ಥಿತಿಯಲ್ಲಿವೆ, ಕೆಲವಕ್ಕೆ ವಾರಸುದಾರರು ಹತ್ತು ಊರುಗಳಲ್ಲಿ ಹಂಚಿಹೋಗಿದ್ದಾರೆ. ಇಷ್ಟು ಸಣ್ಣ ಮೊತ್ತಕ್ಕೆ ಸಾಲ ಕೊಡಲು ಬ್ಯಾಂಕುಗಳಿಗೆ ಆಸಕ್ತಿ ಇಲ್ಲ, ಕೈಯಲ್ಲಿ ನಗದು ಇದ್ದವರಿಗೆ ಮಾತ್ರ ಈ ಅಗ್ಗ. ಶಿಕ್ಷಕರ ರಾಷ್ಟ್ರೀಯ ಒಕ್ಕೂಟ 2011ರಲ್ಲಿ ರಾಜ್ಯದ ಜೊತೆ ಸೇರಿ ‘ರೀಕನೆಕ್ಟಿಂಗ್ ಮೆಕ್‌ಡೊವೆಲ್’ ಎಂಬ ಕೆಲಸ ಶುರು ಮಾಡಿತು. ಅವರಿಗೆ ಬೇಗ ಗೊತ್ತಾಯಿತು, ಪಾಠ ಸುಧಾರಿಸುವ ಮೊದಲು ಮೇಷ್ಟ್ರುಗಳಿಗೆ ಮನೆ ಬೇಕು ಅಂತ. ಕೊನೆಗೆ ವೆಲ್ಚ್‌ನ ನಡುವೆ ಅವರಿಗಾಗಿಯೇ ಒಂದು ಅಪಾರ್ಟ್‌ಮೆಂಟ್ ಕಟ್ಟಿಸಬೇಕಾಯಿತು.

ಹೊಸದಾಗಿ ಕಟ್ಟಲು ಜಾಗವೂ ಸುಲಭಕ್ಕಿಲ್ಲ. 2013ರಲ್ಲಿ ಹೊರಬಂದ ಒಂದು ಭೂ ಒಡೆತನದ ವರದಿ ಪ್ರಕಾರ ಮೆಕ್‌ಡೊವೆಲ್ ಸೇರಿದಂತೆ ಆರು ಕೌಂಟಿಗಳಲ್ಲಿ ಖಾಸಗಿ ಜಮೀನಿನ ಅರ್ಧ ಅಥವಾ ಅದಕ್ಕಿಂತ ಜಾಸ್ತಿ ಹತ್ತೇ ದೊಡ್ಡ ಒಡೆಯರ ಕೈಯಲ್ಲಿದೆ. ಮನೆ ಕೊಂಡರೂ ಅದರ ಕೆಳಗಿನ ಕಲ್ಲಿದ್ದಲು ಬಹುತೇಕ ಬೇರೆಯವರದು.

ಆ ಕಲ್ಲಿದ್ದಲು ಇವತ್ತೂ ಹೊರಗೆ ಹೋಗುತ್ತಿದೆ. ಉಕ್ಕಿನ ಕುಲುಮೆಗೆ ಬೇಕಾದ ಕಲ್ಲಿದ್ದಲಿಗೆ ಒಳ್ಳೆಯ ಬೆಲೆ ಇದೆ, ಅಮೆರಿಕದ ಕಲ್ಲಿದ್ದಲು ಕೊಳ್ಳುವ ದೇಶಗಳಲ್ಲಿ ಭಾರತ ಮುಂಚೂಣಿಯಲ್ಲಿದೆ. ತೆಗೆದ ಇಂಥ ಕಲ್ಲಿದ್ದಲಿನ ಮೇಲೆ ರಾಜ್ಯ ಸಾಮಾನ್ಯವಾಗಿ 5 ಶೇಕಡಾ ತೆರಿಗೆ ಹಾಕುತ್ತದೆ. ಆ ಐದರಲ್ಲಿ ಸ್ಥಳೀಯ ಆಡಳಿತಗಳಿಗೆ ಅಂತ ಬಹುಕಾಲ ಮೀಸಲಿದ್ದದ್ದು 0.35. ಬೆಟ್ಟದ ಒಳಗಿನ ಸಂಪತ್ತು ನೂರು ವರ್ಷ ಹೊರಗೆ ಹೋದ ಊರಿನಲ್ಲಿ ಪೈಪು ಬದಲಿಸಲು ದಾನಿಗಳನ್ನು ಹುಡುಕಬೇಕಾಗಿ ಬಂದದ್ದು ನನಗೆ ಸಿಟ್ಟು ತರಿಸುತ್ತದೆ. ಇದನ್ನು ಜನರ ಹಣೆಬರಹ ಅಂತ ಕರೆಯುವುದು ತಪ್ಪು.

ಈಗಿನ ಹೊಸ ಆಸೆ ಪ್ರವಾಸ. ಹ್ಯಾಟ್‌ಫೀಲ್ಡ್-ಮೆಕಾಯ್ ಟ್ರೇಲ್ಸ್ ಎಂಬ ಬೆಟ್ಟದ ಹಾದಿಗಳಲ್ಲಿ ನಾಲ್ಕು ಚಕ್ರದ ಎಟಿವಿ ಗಾಡಿ ಓಡಿಸಲು ದೂರದ ರಾಜ್ಯಗಳಿಂದ ಜನ ಬರುತ್ತಾರೆ. ವೆಲ್ಚ್, ಗ್ಯಾರಿ, ವಾರ್ ಪಟ್ಟಣಗಳ ಬೀದಿಗಳಲ್ಲೇ ಆ ಗಾಡಿಗಳು ಓಡುತ್ತವೆ. ಹಳೆಯ ಮನೆಗಳು ತಂಗುದಾಣಗಳಾಗುತ್ತಿವೆ. ಒಳ್ಳೆಯದೇ, ಬೀಳುವ ಮನೆ ನಿಂತುಕೊಳ್ಳುತ್ತದೆ. ಆದರೆ ವಾರಾಂತ್ಯದ ಬಾಡಿಗೆಗೆ ಹೋದ ಮನೆ ಮೇಷ್ಟ್ರಿಗೂ ನರ್ಸಿಗೂ ಸಿಗುವುದಿಲ್ಲ. ಮನೆಯಿಂದಲೇ ಕೆಲಸ ಮಾಡುವವರಿಗೆ 12 ಸಾವಿರ ಡಾಲರ್ ಕೊಟ್ಟು ಕರೆಯುವ ರಾಜ್ಯದ ಯೋಜನೆ 2021ರಲ್ಲಿ ಶುರುವಾಯಿತು. ಅದು ಆರಿಸಿಕೊಂಡದ್ದು ಮೋರ್ಗನ್‌ಟೌನ್, ಲೂಯಿಸ್‌ಬರ್ಗ್‌ನಂಥ ಊರುಗಳನ್ನು, ಮೆಕ್‌ಡೊವೆಲ್ ಅನ್ನಲ್ಲ.

ಹಾಗಾದರೆ ಇಲ್ಲಿ ಯಾರು ಇರಬಹುದು? ಸಾಲ ಇಲ್ಲದ ಮನೆ, ತಿಂಗಳ ಪಿಂಚಣಿ, ಹೊಳೆಯಿಂದ ಎತ್ತರದ ಜಾಗ, ಹತ್ತಿರದಲ್ಲಿ ಮಗನೋ ತಂಗಿಯೋ ಇರುವವರು ನೆಮ್ಮದಿಯಾಗಿಯೇ ಇದ್ದಾರೆ. ಅವರು ಬೆಟ್ಟ ಬಿಟ್ಟು ಹೋಗಲು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಹೊಸದಾಗಿ ಬರುವ ಸಂಸಾರ ಮಾತ್ರ ಮನೆ ಬೆಲೆ ಕೇಳುವ ಮೊದಲು ಮೂರು ವಿಷಯ ವಿಚಾರಿಸಲೇಬೇಕು. ನೀರು ಯಾವ ಸಂಸ್ಥೆಯದು, ಕುದಿಸುವ ಸೂಚನೆ ಎಷ್ಟು ಸಲ ಬಂದಿದೆ? 2001, 2002 ಮತ್ತು 2025ರಲ್ಲಿ ಹೊಳೆ ಆ ಮನೆಯ ಯಾವ ಮೆಟ್ಟಿಲಿನವರೆಗೆ ಬಂದಿತ್ತು? ಸಂಬಳ ಕೊಡುವ ಕೆಲಸ ಎಷ್ಟು ಮೈಲಿ ದೂರ? ಮೊದಲ ಎರಡಕ್ಕೆ ಪಕ್ಕದ ಮನೆಯವರು ನಿಖರವಾಗಿ ಉತ್ತರ ಕೊಡುತ್ತಾರೆ. ಮೂರನೆಯದಕ್ಕೆ ಹೋಗಿ ಬರುವ ಮೈಲಿಯನ್ನು ವರ್ಷದ ಕೆಲಸದ ದಿನಗಳಿಂದ, ಮತ್ತೆ 70 ಸೆಂಟಿನಿಂದ ಗುಣಿಸಿ, ಬಂದ ಮೊತ್ತವನ್ನು ಮನೆ ಬೆಲೆಯ ಪಕ್ಕ ಬರೆದಿಟ್ಟುಕೊಳ್ಳಿ.